ವೃದ್ಧಾಶ್ರಮದ ಆರೈಕೆ ಸಿಬ್ಬಂದಿಗೆ ಲಸಿಕೆ: ನಿಯಮ ಮಾಡುವುದು ಹೇಗೆ, ನಡೆಸುವುದು ಹೇಗೆ

ತುಮಕೂರಿನ ಹೊರವಲಯದಲ್ಲಿ ಇಪ್ಪತ್ತೆರಡು ಮಂದಿ ಹಿರಿಯರಿರುವ ಒಂದು ಚಿಕ್ಕ ವೃದ್ಧಾಶ್ರಮದ ಉಸ್ತುವಾರಿ ನನ್ನದು. ಅವರ ಸ್ನಾನ, ಊಟ, ಔಷಧಿ, ಹಾಸಿಗೆಯ ಕೆಲಸ ನೋಡಿಕೊಳ್ಳುವವರು ಹನ್ನೊಂದು ಮಂದಿ. ಬಹುತೇಕರು ಕೊರಟಗೆರೆ, ಗುಬ್ಬಿ, ಮಧುಗಿರಿ ಕಡೆಯ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಹೆಣ್ಣುಮಕ್ಕಳು. ಹೊಸದಾಗಿ ಆಶ್ರಮ ತೆರೆಯುವವರೂ ಮನೆಯಲ್ಲಿ ಹೋಮ್ ನರ್ಸ್ ಇಟ್ಟುಕೊಂಡವರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಇವರಿಗೆಲ್ಲ ಲಸಿಕೆ ಕಡ್ಡಾಯ ಮಾಡಬಹುದೇ? ಕಡ್ಡಾಯ ಎಂಬುದು ಮೊದಲು, ಖರ್ಚು, ರಜೆ, ಸಂಬಳ ಕೊಡುವ ಹೊಣೆಯಾಗಿ, ಆಡಳಿತ ನಡೆಸುವವರಿಗೆ ಅನ್ವಯಿಸಬೇಕು, ಅದು ಪೂರ್ತಿಯಾದ ಮೇಲಷ್ಟೇ ಕೆಲಸಗಾರರಿಗೆ ಎಂಬುದು ನನ್ನ ಉತ್ತರ.

ಈ ಉತ್ತರಕ್ಕೆ ನಾನು ತಪ್ಪು ಮಾಡಿಯೇ ಬಂದೆ. 2021ರಲ್ಲಿ, ಎರಡನೇ ಅಲೆಯ ಭಯದಲ್ಲಿ, ಲಸಿಕೆ ಹಾಕಿಸಿಕೊಳ್ಳದವರಿಗೆ ಮುಂದಿನ ತಿಂಗಳಿಂದ ಸಂಬಳವಿಲ್ಲ ಎಂದು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಇಬ್ಬರು ಕೆಲಸ ಬಿಟ್ಟರು. ಅವರಲ್ಲಿ ಒಬ್ಬಾಕೆ ರಾತ್ರಿ ಪಾಳಿಯನ್ನು ನಾಲ್ಕು ವರ್ಷ ಒಂದು ದಿನವೂ ತಪ್ಪಿಸದೆ ಮಾಡಿದವಳು. ತಿಂಗಳುಗಳ ನಂತರ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಆಕೆ ಹೇಳಿದಳು: "ಸೂಜಿಗೆ ಹೆದರಲಿಲ್ಲ ಸಾರ್. ಜ್ವರ ಬಂದು ಎರಡು ದಿನ ಮಲಗಿದ್ರೆ ಸಂಬಳ ಹಿಡೀತಿದ್ರಲ್ಲ, ಅದಕ್ಕೆ ಹೆದರಿದ್ದು." ನಮ್ಮಲ್ಲಿ ಆಗ ಬಾರದ ದಿನಕ್ಕೆ ಸಂಬಳವಿರಲಿಲ್ಲ. ಆಕೆಯ ಮನೆಯಲ್ಲಿ ಹಾಲು ಕರೆಯುವುದಕ್ಕೂ ಮಕ್ಕಳಿಗೆ ಬೇಯಿಸಿ ಹಾಕುವುದಕ್ಕೂ ಬೇರೆ ಯಾರೂ ಇರಲಿಲ್ಲ. ಬಾಗಿಲಿಗೆ ಕಾಗದ ಅಂಟಿಸುವ ಮೊದಲು ನಾನು ಇದನ್ನು ಕೇಳಿ ತಿಳಿದುಕೊಂಡಿರಲಿಲ್ಲ.

ಮೊದಲ ಕೆಲಸ: ಯಾವ ಲಸಿಕೆ, ಯಾರಿಗೆ, ಯಾತಕ್ಕೆ

"ಲಸಿಕೆ" ಎಂದು ಒಂದೇ ಪದದಲ್ಲಿ ನಿಯಮ ಬರೆಯಬೇಡಿ. ಒಂದೊಂದು ಲಸಿಕೆಯೂ ಬೇರೆ ಬೇರೆ ಜನರನ್ನು ಕಾಯುತ್ತದೆ, ಆದ್ದರಿಂದ ಒಂದೊಂದರ ವಿಷಯದಲ್ಲಿ ಒತ್ತಾಯಕ್ಕಿರುವ ನ್ಯಾಯವೂ ಬೇರೆ.

ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಹೆಪಟೈಟಿಸ್ ಬಿ, ಅಂದರೆ ಸೂಜಿಯ ಮೂಲಕ ರಕ್ತದಿಂದ ಹರಡಬಲ್ಲ ಯಕೃತ್ತಿನ ಸೋಂಕು. ವೃದ್ಧಾಶ್ರಮದಲ್ಲಿ ಸೂಜಿ ಎಲ್ಲಿಂದ ಬಂತು ಎಂದು ಕೇಳುವವರು ಸಕ್ಕರೆ ಕಾಯಿಲೆಯ ಹಿರಿಯರ ಕೋಣೆಗೆ ಒಮ್ಮೆ ಬಂದು ನೋಡಬೇಕು. ಬೆಳಿಗ್ಗೆ ಬೆರಳು ಚುಚ್ಚಿ ಸಕ್ಕರೆ ನೋಡುವ ಲ್ಯಾನ್ಸೆಟ್, ಊಟಕ್ಕೆ ಮುಂಚಿನ ಇನ್ಸುಲಿನ್, ಹಾಸಿಗೆ ಹುಣ್ಣಿನ ಡ್ರೆಸ್ಸಿಂಗ್, ರಕ್ತ ತಾಗಿದ ಬಟ್ಟೆ ಎಲ್ಲವೂ ಅಲ್ಲಿರುತ್ತವೆ. ನಮ್ಮಲ್ಲಿ ಒಬ್ಬ ಆಯಾ ಹಾಸಿಗೆಯ ಚಾದರ ಕೊಡವಿ ಮಡಿಸುವಾಗ, ಮಡಿಕೆಯೊಳಗೆ ಉಳಿದುಹೋಗಿದ್ದ ಇನ್ಸುಲಿನ್ ಸೂಜಿ ಆಕೆಯ ಹೆಬ್ಬೆರಳ ಬುಡಕ್ಕೆ ಚುಚ್ಚಿತು. ಆಕೆ ಸೀರೆಯ ಸೆರಗಿನಲ್ಲಿ ಒರೆಸಿಕೊಂಡು ಮುಂದಿನ ಮಂಚಕ್ಕೆ ಹೋದಳು. ನನಗೆ ಗೊತ್ತಾದದ್ದು ಮರುದಿನ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದಲ್ಲಿಯೂ ಕನಿಷ್ಠ 7 ದಿನ ಬದುಕಿರಬಲ್ಲದು. ಸೋಂಕಿರುವವರ ರಕ್ತದ ಸೂಜಿ ಲಸಿಕೆಯಿಲ್ಲದವರಿಗೆ ಚುಚ್ಚಿದರೆ, ಆ ರಕ್ತದಲ್ಲಿ ವೈರಾಣು ಹೆಚ್ಚಿದ್ದ ಪಕ್ಷದಲ್ಲಿ, ಸೋಂಕು ಹತ್ತುವ ಸಾಧ್ಯತೆ ಶೇ. 30ರವರೆಗೂ ಇರುತ್ತದೆ, ಎಚ್‌ಐವಿಯಲ್ಲಿ ಅದು ಶೇ. 0.3ರಷ್ಟು. ಈ ಲಸಿಕೆ ಮುಖ್ಯವಾಗಿ ಕಾಯುವುದು ಕೆಲಸಗಾರರನ್ನೇ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016 ಕೂಡ ಇಂತಹ ತ್ಯಾಜ್ಯವನ್ನು ಮುಟ್ಟುವವರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವ ಹೊಣೆಯನ್ನು ಸಂಸ್ಥೆ ನಡೆಸುವವರ ಮೇಲೆಯೇ ಹೊರಿಸಿವೆ.

ಎರಡನೆಯದು ಫ್ಲೂ. ಇದರ ನ್ಯಾಯ ಬೇರೆ: ವಯಸ್ಸಾದವರ ದೇಹ ಲಸಿಕೆಗೆ ಸರಿಯಾಗಿ ಸ್ಪಂದಿಸದ ಕಾರಣ, ಅವರ ಸುತ್ತ ಓಡಾಡುವವರು ಲಸಿಕೆ ಪಡೆದರೆ ಅವರಿಗೂ ರಕ್ಷಣೆ ಸಿಗುತ್ತದೆ ಎಂಬ ಎಣಿಕೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನಗಳಲ್ಲಿ, ಸಿಬ್ಬಂದಿಗೆ ಲಸಿಕೆ ಕೊಟ್ಟ ಕಡೆ ಹಿರಿಯರ ಸಾವು ಕಡಿಮೆ ಕಂಡಿತ್ತು. ಆದರೆ ಇಂತಹ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವಿಮರ್ಶೆಗಳು ಆ ಪುರಾವೆ ಅಷ್ಟು ಗಟ್ಟಿಯಲ್ಲ ಎಂದಿವೆ. ಎರಡನ್ನೂ ಸಿಬ್ಬಂದಿಯ ಮುಂದೆ ಹೇಳಿ. ಅರ್ಧ ಹೇಳಿ ಒಪ್ಪಿಸಿದರೆ, ಉಳಿದರ್ಧವನ್ನು ಅವರು ಮೊಬೈಲಿನಲ್ಲಿ ನೋಡಿದ ದಿನ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಧನುರ್ವಾಯು ಮತ್ತು ಗಂಟಲಮಾರಿಯನ್ನು ತಡೆಯುವ ಟಿಡಿ ಚುಚ್ಚುಮದ್ದು 10 ವರ್ಷಕ್ಕೊಮ್ಮೆ ಸಾಕು. ಇನ್ನು ಹೆಚ್ಚು ಮಂದಿ ಮರೆಯುವುದು ಚಿಕನ್‌ಪಾಕ್ಸ್ ಅನ್ನು, ಹಳ್ಳಿಗಳಲ್ಲಿ "ಅಮ್ಮ" ಎಂದು ಕರೆಯುವ ಕಾಯಿಲೆಯನ್ನು. ಸರ್ಪಸುತ್ತು ಆದ ಹಿರಿಯರ ಗುಳ್ಳೆಯ ನೀರಿನಿಂದ, ಚಿಕ್ಕಂದಿನಲ್ಲಿ ಅಮ್ಮ ಆಗಿರದ ಆರೈಕೆದಾರರಿಗೆ ಚಿಕನ್‌ಪಾಕ್ಸ್ ಬರಬಹುದು. ಹಾಗಾಗಿ ಕೆಲಸಕ್ಕೆ ಸೇರುವಾಗಲೇ "ನಿಮಗೆ ಅಮ್ಮ ಆಗಿತ್ತೇ" ಎಂದು ಕೇಳಿ ಬರೆದಿಡಿ. ಈ ಲಸಿಕೆಯನ್ನು ಗರ್ಭಿಣಿಯರಿಗೆ ಕೊಡುವಂತಿಲ್ಲ. ಗರ್ಭಿಣಿಗೆ ಹಿಂದೆ ಅಮ್ಮ ಆಗಿರದಿದ್ದರೆ ಸರ್ಪಸುತ್ತಿನವರ ಆರೈಕೆಯನ್ನು ಬೇರೆಯವರಿಗೆ ವಹಿಸಬೇಕು.

ಕಡ್ಡಾಯಕ್ಕೆ ಇರುವ ಮಿತಿ

ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 2ರಂದು ತೀರ್ಪು ಕೊಟ್ಟು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ತನ್ನ ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯ ರಕ್ಷಣೆಯಲ್ಲಿದೆ ಎಂದಿತು. ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹೇರಬಹುದು, ಆದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಅಗತ್ಯವಿರಬೇಕು ಮತ್ತು ಅಪಾಯ ಎಷ್ಟಿದೆಯೋ ನಿರ್ಬಂಧವೂ ಅಷ್ಟೇ ಇರಬೇಕು. ಆ ಪ್ರಕರಣ ಕೋವಿಡ್ ಲಸಿಕೆಯದು, ಅಲ್ಲಿ ಪ್ರಶ್ನೆಗೆ ಒಳಗಾದದ್ದು ಸರ್ಕಾರಗಳ ಆದೇಶಗಳು. ಆದರೂ ಈ ಅಳತೆಗೋಲು ಚಿಕ್ಕ ಆಶ್ರಮಕ್ಕೂ ಸರಿಹೊಂದುತ್ತದೆ ಎಂದೇ ನಾನು ಭಾವಿಸುತ್ತೇನೆ. ನೇಮಕ ಪತ್ರದಲ್ಲಿ ಲಸಿಕೆಯ ಷರತ್ತು ಸೇರಿಸುವವರು ಅದನ್ನು ಮೊದಲು ಒಬ್ಬ ವಕೀಲರಿಗೆ ತೋರಿಸಿ.

ಹೊರದೇಶಗಳಲ್ಲಿ ಎರಡು ದಾರಿಗಳನ್ನೂ ತುಳಿದು ನೋಡಿದ್ದಾರೆ. ಇಂಗ್ಲೆಂಡಿನಲ್ಲಿ 2021ರ ನವೆಂಬರ್ 11ರಿಂದ ವೃದ್ಧರ ಆರೈಕೆ ಗೃಹಗಳೊಳಗೆ ಕೆಲಸ ಮಾಡುವವರಿಗೆ ಕೋವಿಡ್ ಲಸಿಕೆ ಕಡ್ಡಾಯವಾಯಿತು. ಮೊದಲೇ ಕೈ ಸಾಲದಿದ್ದ ಆ ಗೃಹಗಳಿಂದ ಸಾವಿರಾರು ಮಂದಿ ಹೊರಗೆ ಹೋದರು. 2022ರ ಮಾರ್ಚ್ 15ರಂದು ಸರ್ಕಾರವೇ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅಮೆರಿಕದಲ್ಲಿ 1991ರಿಂದ ಇರುವ ನಿಯಮ ಇನ್ನೊಂದು ಬಗೆಯದು. ರಕ್ತ ತಾಗುವ ಕೆಲಸಕ್ಕೆ ಸೇರಿದವರಿಗೆ 10 ಕೆಲಸದ ದಿನಗಳೊಳಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಉಚಿತವಾಗಿ ಒದಗಿಸುವುದು ಮಾಲೀಕನ ಕರ್ತವ್ಯ. ಕೆಲಸಗಾರ ಬೇಡವೆನ್ನಬಹುದು, ಆಗ ಅಪಾಯವನ್ನು ತಿಳಿದೇ ನಿರಾಕರಿಸಿದ್ದೇನೆಂದು ಸಹಿ ಮಾಡಬೇಕು. ಮುಂದೆ ಮನಸ್ಸು ಬದಲಾದರೆ ಆಗಲೂ ಉಚಿತವಾಗಿಯೇ ಕೊಡಬೇಕು. ನಾನು ಈ ಎರಡನೆಯ ದಾರಿಯನ್ನು ಆರಿಸಿಕೊಂಡಿದ್ದೇನೆ.

ನಿಯಮ ಬರೆಯುವ ಮುನ್ನ ಕೂತು ಕೇಳುವುದು

ಪಾಳಿ ಬದಲಾಗುವ ಹೊತ್ತಿನಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಭಾಷಣ ಮಾಡಿದರೆ ಪ್ರಯೋಜನವಿಲ್ಲ, ಬಸ್ಸು ತಪ್ಪುವ ಚಿಂತೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಒಬ್ಬೊಬ್ಬರನ್ನೇ ಬೇರೆಯಾಗಿ, ಕೆಲಸದ ಅವಧಿಯೊಳಗೇ, ಕೂರಿಸಿಕೊಂಡು ಕೇಳಿ. ಹೆಂಗಸರನ್ನು ಹಿರಿಯ ಸಿಸ್ಟರ್ ಒಬ್ಬರು ಕೇಳಿದರೆ ಇನ್ನೂ ಒಳ್ಳೆಯದು, ಏಕೆಂದರೆ ಮುಟ್ಟು, ಗರ್ಭ, ಮಕ್ಕಳಾಗುವ ವಿಷಯದ ಆತಂಕವನ್ನು ನನ್ನಂಥವನ ಮುಂದೆ ಅವರು ಹೇಳುವುದಿಲ್ಲ. ಹಿಂದೆ ಯಾವುದಾದರೂ ಚುಚ್ಚುಮದ್ದಿಗೆ ಮೈ ದದ್ದು, ಉಸಿರಾಟದ ತೊಂದರೆ ಬಂದಿತ್ತೇ ಎಂಬುದನ್ನು ಕೇಳಿ, ಬಂದಿದ್ದರೆ ವೈದ್ಯರ ಮುಂದೆ ಅದನ್ನೇ ಮೊದಲು ಹೇಳಿಸಿ.

ಖರ್ಚು ಮತ್ತು ದಿನಗೂಲಿ

ಲಸಿಕೆಯ ಹಣ, ಹೋಗಿಬರುವ ಬಸ್ ಚಾರ್ಜು, ಆ ದಿನದ ಸಂಬಳ, ಜ್ವರ ಬಂದರೆ ಎರಡು ದಿನದ ಸಂಬಳ ಸಹಿತ ರಜೆ, ಇಷ್ಟನ್ನೂ ಆಶ್ರಮವೇ ಕೊಡಬೇಕು. ಇದನ್ನು ಕೊಡಲಾಗದವರು ಕಡ್ಡಾಯದ ಮಾತನ್ನು ಎತ್ತಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹೆಪಟೈಟಿಸ್ ಬಿ ಲಸಿಕೆ ಹತ್ತು ವಯಸ್ಕರಿಗೆ ಆಗುವ ಒಂದೇ ವಯಲಿನಲ್ಲಿಯೂ (ಔಷಧಿಯ ಸೀಸೆಯಲ್ಲಿಯೂ) ಸಿಗುತ್ತದೆ. ಎಲ್ಲರಿಗೂ ಒಂದೇ ದಿನ ಹಾಕಿಸುವುದಾದರೆ ಖರ್ಚು ಇಳಿಯುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಈ ಲಸಿಕೆ ಕೊಡುವ ಅಂಶವಿದೆ. ನಿಮ್ಮ ಸಿಬ್ಬಂದಿಯನ್ನು ಅದರಲ್ಲಿ ಸೇರಿಸಿಕೊಳ್ಳುವಿರಾ ಎಂದು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ, ಹೆಸರುಗಳ ಬದಲು ಸಂಖ್ಯೆ ಮತ್ತು ಕೆಲಸದ ವಿವರ ಬರೆದು, ಅರ್ಜಿ ಕೊಡಿ. ಫ್ಲೂ ಲಸಿಕೆ ದುಬಾರಿ. ಅದಕ್ಕೆ ಹಿರಿಯರ ಕುಟುಂಬದವರಿಂದ ವರ್ಷಕ್ಕೊಮ್ಮೆ ಚಿಕ್ಕ ಮೊತ್ತ ಕೇಳುವುದರಲ್ಲಿ ತಪ್ಪಿಲ್ಲ, ಲಾಭ ಅವರ ತಂದೆತಾಯಿಗೂ ಸೇರುತ್ತದೆ.

ದಿನ ಗೊತ್ತುಮಾಡುವಾಗ ಕ್ಯಾಲೆಂಡರಿನ ಜೊತೆ ಹೊಲವನ್ನೂ ನೋಡಿ. ಹೆಪಟೈಟಿಸ್ ಬಿ ಮೂರು ಡೋಸುಗಳು: ಮೊದಲನೆಯದು, ಅದಾದ ಒಂದು ತಿಂಗಳಿಗೆ ಎರಡನೆಯದು, ಮೊದಲನೆಯದರಿಂದ ಆರು ತಿಂಗಳಿಗೆ ಮೂರನೆಯದು. ನಾವು ಮೊದಲ ಸಲ ಜೂನ್‌ನಲ್ಲಿ ಶುರುಮಾಡಿದ್ದರಿಂದ ಮೂರನೆಯದು ಡಿಸೆಂಬರಿಗೆ ಬಿತ್ತು. ರಾಗಿ ಕೊಯ್ಲು, ಕಣದ ಕೆಲಸವೆಂದು ಅರ್ಧದಷ್ಟು ಮಂದಿ ರಜೆಯಲ್ಲಿದ್ದರು. ಈಗ ಸಂಕ್ರಾಂತಿ ಮುಗಿದ ವಾರದಲ್ಲಿ ಮೊದಲನೆಯದನ್ನು ಹಾಕಿಸುತ್ತೇವೆ, ಎರಡನೆಯದು ಫೆಬ್ರವರಿಯಲ್ಲಿ, ಸಿದ್ಧಗಂಗೆಯ ಜಾತ್ರೆಯ ದಿನಗಳನ್ನು ಬಿಟ್ಟು, ಮೂರನೆಯದು ಜುಲೈಯಲ್ಲಿ. ಒಂದು ಡೋಸು ತಡವಾದರೆ ಮೊದಲಿನಿಂದ ಶುರುಮಾಡಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಫ್ಲೂ ಲಸಿಕೆಯ ರಕ್ಷಣೆ ಮೂಡಲು ಎರಡು ವಾರ ಬೇಕಾಗುವುದರಿಂದ ಅದನ್ನು ಮಳೆಗಾಲ ಹಿಡಿಯುವ ಮೊದಲೇ, ಪ್ರತಿ ವರ್ಷವೂ ಹಾಕಿಸಬೇಕು.

ಹಾಕಿಸುವ ದಿನ

ಎಲ್ಲರನ್ನೂ ಒಂದೇ ದಿನ ಕಳಿಸಬೇಕಾದರೆ ಎರಡು ತಂಡ ಮಾಡಿ, ಹಿರಿಯರ ಬಳಿ ಯಾವಾಗಲೂ ಸಾಕಷ್ಟು ಜನರಿರಲಿ. ಹೆಪಟೈಟಿಸ್ ಬಿ ಚುಚ್ಚುಮದ್ದನ್ನು ವಯಸ್ಕರಿಗೆ ತೋಳಿನ ಮೇಲ್ಭಾಗದ ಸ್ನಾಯುವಿಗೇ ಕೊಡಬೇಕು. ಸೊಂಟಕ್ಕೆ ಕೊಟ್ಟರೆ ರಕ್ಷಣೆ ಸರಿಯಾಗಿ ಮೂಡುವುದಿಲ್ಲ. ಹೆಂಗಸರು ಸಡಿಲ ತೋಳಿನ ರವಿಕೆ ಅಥವಾ ಚೂಡಿದಾರ್ ತೊಟ್ಟು ಬರಲು ಹಿಂದಿನ ದಿನವೇ ಹೇಳಿ, ಇಷ್ಟು ಚಿಕ್ಕ ಮಾತಿನಿಂದ ಎಷ್ಟೋ ಸಂಕೋಚ ತಪ್ಪುತ್ತದೆ. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಮೂರನೆಯ ಡೋಸಾದ ಒಂದೆರಡು ತಿಂಗಳಿಗೆ ರಕ್ತದಲ್ಲಿ ಆಂಟಿ ಎಚ್‌ಬಿಎಸ್ (ಹೆಪಟೈಟಿಸ್ ಬಿ ವಿರುದ್ಧದ ಪ್ರತಿಕಾಯ) ಮಟ್ಟ ನೋಡಿಸಿ. ಅದು 10 mIU/mL ಅಥವಾ ಹೆಚ್ಚಿದ್ದರೆ ರಕ್ಷಣೆ ಬಂದಿದೆ ಎಂದರ್ಥ, ಕಡಿಮೆಯಿದ್ದರೆ ಏನು ಮಾಡಬೇಕೆಂದು ವೈದ್ಯರು ಹೇಳುತ್ತಾರೆ.

ಲಸಿಕೆಗೆ ಮುಂಚಿನ ಪರೀಕ್ಷೆಯಲ್ಲಿ ಯಾರಿಗಾದರೂ ಹೆಪಟೈಟಿಸ್ ಬಿ ಇರುವುದು ಗೊತ್ತಾಗಬಹುದು. ಆ ಫಲಿತಾಂಶ ಆ ವ್ಯಕ್ತಿಗೆ ಮತ್ತು ವೈದ್ಯರಿಗೆ ಮಾತ್ರ ಸೇರಿದ್ದು. ಒಟ್ಟಿಗೆ ಊಟ ಮಾಡುವುದರಿಂದ, ಕೈ ಹಿಡಿದು ನಡೆಸುವುದರಿಂದ, ಸ್ನಾನ ಮಾಡಿಸುವುದರಿಂದ ಅದು ಹರಡುವುದಿಲ್ಲ; ಆ ನೆಪದಲ್ಲಿ ಕೆಲಸದಿಂದ ತೆಗೆಯುವುದು ಅನ್ಯಾಯ. ಜಿಲ್ಲಾಸ್ಪತ್ರೆಗೆ ಕಳಿಸಿ, ಚಿಕಿತ್ಸೆ ಶುರುವಾಗಲು ನೆರವಾಗಿ.

ಬೇಡವೆಂದವರಿಗೆ ಏನು ಮಾಡಬೇಕು

ಇಷ್ಟೆಲ್ಲ ಆದ ಮೇಲೂ ಒಬ್ಬರಿಬ್ಬರು ಬೇಡ ಎನ್ನುತ್ತಾರೆ. ಹೆಪಟೈಟಿಸ್ ಬಿ ಬೇಡವೆಂದವರನ್ನು ಸೂಜಿ, ಡ್ರೆಸ್ಸಿಂಗ್, ರಕ್ತದ ಬಟ್ಟೆಯ ಕೆಲಸದಿಂದ ಬಿಡಿಸಿ, ಸಂಬಳ ಇಳಿಸದೆ ಬೇರೆ ಕೆಲಸಕ್ಕೆ ಹಾಕಿ. ನಮ್ಮಲ್ಲಿ ಒಬ್ಬರು ಅಡುಗೆ ಮತ್ತು ಊಟ ಬಡಿಸುವ ಕೆಲಸಕ್ಕೆ ಹೋದರು, ಎಂಟು ತಿಂಗಳ ನಂತರ ತಾವಾಗಿಯೇ ಬಂದು ಕೇಳಿದರು. ಫ್ಲೂ ಲಸಿಕೆ ಬೇಡವೆಂದವರು ಕೆಮ್ಮು ನೆಗಡಿಯ ಕಾಲದಲ್ಲಿ ಹಿರಿಯರ ಕೋಣೆಯೊಳಗೆ ಮಾಸ್ಕ್ ಹಾಕಲಿ. ಇನ್ನು ಮೈಯಲ್ಲಿ ಜ್ವರವಿರುವ ಯಾರೂ, ಲಸಿಕೆ ಪಡೆದವರಾಗಲಿ ಪಡೆಯದವರಾಗಲಿ, ಕೆಲಸಕ್ಕೆ ಬರಬಾರದು. ಇದನ್ನು ನಾನು ಪೂರ್ತಿ ಕಡ್ಡಾಯ ಮಾಡಿದ್ದೇನೆ, ಆ ದಿನಗಳ ಸಂಬಳವನ್ನೂ ಕೊಡುತ್ತೇನೆ. ಹಿರಿಯರಿಗೆ ಸೋಂಕು ತಲುಪುವ ದೊಡ್ಡ ದಾರಿ, ಸಂಬಳ ಹೋದೀತೆಂದು ಜ್ವರ ಮುಚ್ಚಿಟ್ಟು ಬಂದ ಮನುಷ್ಯ ಎಂಬುದು ನನ್ನ ಅನುಭವ.

ಲಸಿಕೆ ಆದವರಿಗೂ ಸೂಜಿ ಚುಚ್ಚಿದರೆ ಏನು ಮಾಡಬೇಕೆಂಬುದು ಗೋಡೆಯ ಮೇಲಿರಲಿ: ಗಾಯವನ್ನು ಹಿಂಡದೆ ಸೋಪು ನೀರಿನಲ್ಲಿ ತೊಳೆಯುವುದು, ತಕ್ಷಣ ತಿಳಿಸುವುದು, ಅದೇ ದಿನ ಜಿಲ್ಲಾಸ್ಪತ್ರೆಗೆ ಹೋಗುವುದು. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು. ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಸೂಜಿಗೆ ಮತ್ತೆ ಮುಚ್ಚಳ ಹಾಕುವುದನ್ನು ನಿಲ್ಲಿಸಿ, ಪ್ರತಿ ಮಂಚದ ಬಳಿಗೂ ಗಟ್ಟಿ ಡಬ್ಬವನ್ನು ಕೊಂಡೊಯ್ಯುವ ರೂಢಿ ಮಾಡಿಸಿ.

ಮನೆಯಲ್ಲಿ ಹೋಮ್ ನರ್ಸ್ ಇಟ್ಟುಕೊಂಡವರಿಗೂ ಲೆಕ್ಕ ಇದೇ. ಏಜೆನ್ಸಿಯವರು "ಎಲ್ಲ ಆಗಿದೆ" ಎಂದರೆ ಅಲ್ಲಿಗೇ ಬಿಡಬೇಡಿ, ಕಾರ್ಡು ನೋಡಿ; ಆಗಿಲ್ಲದಿದ್ದರೆ ವಾಪಸ್ಸು ಕಳಿಸುವ ಮೊದಲು, ನಿಮ್ಮ ಖರ್ಚಿನಲ್ಲಿ ಹಾಕಿಸಿಕೊಡುತ್ತೇವೆ ಎಂದು ಹೇಳಿ ನೋಡಿ.

ಕೊನೆಗೆ ಒಂದು ರಿಜಿಸ್ಟರು. ಪ್ರತಿ ಹೆಸರಿಗೂ ಒಂದು ಪುಟ: ಯಾವ ಲಸಿಕೆ, ಯಾವ ದಿನ, ವಯಲಿನ ಬ್ಯಾಚ್ ಸಂಖ್ಯೆ, ಮುಂದಿನ ಡೋಸಿನ ದಿನಾಂಕ. ಅದು ಬೀಗವಿರುವ ಬೀರುವಿನಲ್ಲಿರಲಿ. ಕೆಲಸ ಬಿಟ್ಟು ಹೋಗುವವರಿಗೆ ಅವರ ಪುಟದ ಪ್ರತಿಯನ್ನು ಕೈಗೆ ಕೊಟ್ಟು ಕಳಿಸಿ. ನಾನು ರಾತ್ರಿ ಪಾಳಿಯ ಆ ಹೆಣ್ಣುಮಗಳನ್ನು ಮತ್ತೆ ಕೆಲಸಕ್ಕೆ ಕರೆದೆ. ಆಕೆಯ ಪುಟದಲ್ಲಿ ಈಗ ಎರಡು ಡೋಸುಗಳ ದಿನಾಂಕವಿದೆ, ಮೂರನೆಯದು ಜುಲೈಗೆ.