ಹೆಲ್ಸಿಂಕಿಯಿಂದ ಟಾಲಿನ್‌ಗೆ ಹಡಗಿನಲ್ಲಿ ಹೋಗಿ ಅಂದೇ ಮರಳುವುದು ಹೇಗೆ

ಫಿನ್ಲೆಂಡಿನ ಹೆಲ್ಸಿಂಕಿಗೂ ಎಸ್ಟೋನಿಯಾದ ಟಾಲಿನ್‌ಗೂ ನಡುವೆ ಇರುವುದು ಸುಮಾರು 80 ಕಿ.ಮೀ. ಸಮುದ್ರ. ಹಡಗು ಎರಡರಿಂದ ಎರಡೂವರೆ ಗಂಟೆಯಲ್ಲಿ ದಾಟಿಸುತ್ತದೆ. ಬೆಳಗ್ಗೆ ಹೊರಟರೆ ಒಂದು ಇಡೀ ಹಳೇ ಪಟ್ಟಣವನ್ನು ಕಾಲ್ನಡಿಗೆಯಲ್ಲಿ ನೋಡಿ ರಾತ್ರಿಯೊಳಗೆ ವಾಪಸ್ ಬರಬಹುದು. ಆದರೆ ಆ ದಿನ ನೆಮ್ಮದಿಯಾಗಿ ಕಳೆಯುತ್ತದೋ ಅವಸರದಲ್ಲೇ ಮುಗಿಯುತ್ತದೋ ಎಂಬುದು ಟಿಕೆಟ್ ತೆಗೆಯುವಾಗಲೇ ಅರ್ಧ ತೀರ್ಮಾನವಾಗಿಬಿಡುತ್ತದೆ.

ಮೊದಲು ನೋಡಬೇಕಾದದ್ದು ವಾಪಸ್ ಹಡಗಿನ ಸಮಯ. ಬೆಳಗ್ಗೆ 7:30ರ ಸುಮಾರಿಗೆ ಹೊರಡುವ ಹಡಗು ಹಿಡಿದರೆ 9:30ಕ್ಕೆ ದಡ ಸೇರುತ್ತೀರಿ. ಇಳಿದು, ನಡೆದು ಹಳೇ ಪಟ್ಟಣ ಮುಟ್ಟುವಾಗ ಹತ್ತು ದಾಟಿರುತ್ತದೆ. ಸಂಜೆ 4:30ರ ಹಡಗಿಗೆ ಟಿಕೆಟ್ ಮಾಡಿದ್ದರೆ ಮೂರೂವರೆ ಹೊತ್ತಿಗೇ ಹೊರಡಬೇಕು, ಕೈಯಲ್ಲಿ ಉಳಿಯುವುದು ಐದು ಗಂಟೆ ಚಿಲ್ಲರೆ. 7:30ರ ಸುಮಾರಿನ ಹಡಗಾದರೆ ಇನ್ನೂ ಮೂರು ಗಂಟೆ ಸಿಗುತ್ತದೆ. ನಮ್ಮ ಸಲಹೆ ಎರಡನೆಯದೇ. ಹೋಗಿ ಬರುವುದಕ್ಕೆ ಸೇರಿಸಿ ಮಾರುವ ‘ಡೇ ಕ್ರೂಸ್’ ಟಿಕೆಟ್ ಸಾಮಾನ್ಯವಾಗಿ ಎರಡು ಬಿಡಿ ಟಿಕೆಟ್‌ಗಳಿಗಿಂತ ಅಗ್ಗ, ಆದರೆ ಕೆಲವು ಡೇ ಕ್ರೂಸ್‌ಗಳಲ್ಲಿ ಊರಿನಲ್ಲಿರಲು ಸಿಗುವ ಸಮಯ ತೀರಾ ಕಡಿಮೆ. ಬೆಲೆಗಿಂತ ಮೊದಲು ದಡದ ಮೇಲೆ ಎಷ್ಟು ಗಂಟೆ ಎಂದು ಲೆಕ್ಕ ಹಾಕಿ. ವಾರಾಂತ್ಯಕ್ಕಿಂತ ವಾರದ ನಡುವಿನ ದಿನಗಳಲ್ಲಿ ದರವೂ ಕಡಿಮೆ, ಜನವೂ ಕಡಿಮೆ. ಸೋಮವಾರ ಮಾತ್ರ ಬೇಡ, ಹಲವು ಮ್ಯೂಸಿಯಂಗಳಿಗೆ ರಜೆ, ಅದರಲ್ಲೂ ಚಳಿಗಾಲದಲ್ಲಿ.

ಜನ ಹಡಗು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ತಡವಾಗಿ ಅಲ್ಲ, ಬೇರೆ ಟರ್ಮಿನಲ್‌ಗೆ ಹೋಗಿ. ಟಾಲಿಂಕ್ ಮತ್ತು ಎಕೆರೋ ಲೈನ್ ಕಂಪನಿಗಳ ಹಡಗುಗಳು ಹೆಲ್ಸಿಂಕಿಯ ಪಶ್ಚಿಮ ಬಂದರಿನಿಂದ, ಅಂದರೆ ಲೆನ್ಸಿಟರ್ಮಿನಾಲಿ 2ರಿಂದ ಹೊರಡುತ್ತವೆ. ವೈಕಿಂಗ್ ಲೈನ್ ಹಡಗು ಹೊರಡುವುದು ಕತಯನೊಕ್ಕದಿಂದ. ಇವೆರಡೂ ನಗರಕೇಂದ್ರದ ಎರಡು ಬೇರೆ ಬೇರೆ ದಿಕ್ಕಿನಲ್ಲಿವೆ. ಎರಡಕ್ಕೂ ಟ್ರಾಮ್ ಇದೆ; ಹತ್ತುವ ಮುಂಚೆ ಟ್ರಾಮಿನ ಮುಂದಿನ ಫಲಕದಲ್ಲಿ ಬಂದರಿನ ಹೆಸರು ಓದಿಕೊಳ್ಳಿ. ಟಾಲಿನ್ ಕಡೆಯಲ್ಲಿ ಟಾಲಿಂಕ್‌ನದು ಡಿ-ಟರ್ಮಿನಲ್, ಉಳಿದೆರಡರದು ಎ-ಟರ್ಮಿನಲ್. ಹೊರಡುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಟರ್ಮಿನಲ್‌ನಲ್ಲಿರಿ. ಹಡಗು ಕಣ್ಣೆದುರೇ ನಿಂತಿದ್ದರೂ ಗೇಟನ್ನು ಅದು ಹೊರಡುವುದಕ್ಕೆ ಸಾಕಷ್ಟು ಮೊದಲೇ ಮುಚ್ಚುತ್ತಾರೆ. ಬೋರ್ಡಿಂಗ್ ಕಾರ್ಡನ್ನು ಬುಕಿಂಗ್ ನಂಬರ್ ಹಾಕಿ ಯಂತ್ರದಲ್ಲಿ ತೆಗೆದುಕೊಳ್ಳಬಹುದು.

ಎರಡೂ ಷೆಂಗೆನ್ ದೇಶಗಳಾದ್ದರಿಂದ (ಪರಸ್ಪರ ಗಡಿ ತಪಾಸಣೆ ಕೈಬಿಟ್ಟಿರುವ ಯುರೋಪಿನ ದೇಶಗಳ ಗುಂಪು) ಸಾಮಾನ್ಯವಾಗಿ ಪಾಸ್‌ಪೋರ್ಟ್ ತಪಾಸಣೆ ಇರುವುದಿಲ್ಲ. ಹಾಗೆಂದು ಪಾಸ್‌ಪೋರ್ಟ್ ಮನೆಯಲ್ಲಿಟ್ಟು ಹೋಗುವಂತಿಲ್ಲ, ಯಾವಾಗ ಬೇಕಾದರೂ ಕೇಳಬಹುದು. ಫಿನ್ಲೆಂಡಿನಲ್ಲಿ ವಾಸವಿರುವ ಭಾರತೀಯರು ರೆಸಿಡೆನ್ಸ್ ಪರ್ಮಿಟ್ ಕಾರ್ಡಿನ ಜೊತೆ ಪಾಸ್‌ಪೋರ್ಟನ್ನೂ ಇಟ್ಟುಕೊಳ್ಳಬೇಕು. ಕಾರ್ಡ್ ಒಂದೇ ಸಾಲದು. ಪ್ರವಾಸಿಗರ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾದರೂ ತೊಂದರೆಯಿಲ್ಲ, ಏಕೆಂದರೆ ನೀವು ಷೆಂಗೆನ್ ವಲಯ ಬಿಟ್ಟು ಹೊರಗೆ ಹೋಗುತ್ತಿಲ್ಲ. ಹಣ ಎರಡೂ ಕಡೆ ಯೂರೋ, ಎಸ್ಟೋನಿಯಾದಲ್ಲಿ 2011ರಿಂದ.

ಹಡಗು ಬಂದರು ಬಿಡುವ ಮೊದಲು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ನಡು ಸಮುದ್ರದಲ್ಲಿ ಫೋನ್ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿಯುತ್ತದೆ. ಯುರೋಪಿಯನ್ ಒಕ್ಕೂಟದೊಳಗಿನ ರೋಮಿಂಗ್ ರಿಯಾಯಿತಿ ಅದಕ್ಕೆ ಅನ್ವಯಿಸುವುದಿಲ್ಲ. ಫೋಟೋಗಳು ತಾವಾಗಿಯೇ ಅಪ್‌ಲೋಡ್ ಆಗುತ್ತಾ ಹೋದರೆ ಬಿಲ್ ಟಿಕೆಟ್ ದರವನ್ನೂ ಮೀರಬಹುದು. ಬೇಕಿದ್ದರೆ ಹಡಗಿನ ವೈಫೈ ಬಳಸಿ.

ಸಾಧಾರಣ ಟಿಕೆಟ್‌ಗೆ ಗೊತ್ತುಪಡಿಸಿದ ಸೀಟ್ ಇರುವುದಿಲ್ಲ. ಮೊದಲು ಹತ್ತಿದವರಿಗೆ ಕಿಟಕಿ ಪಕ್ಕದ ಜಾಗ. ತಿಂಡಿಯನ್ನು ಹೋಗುವಾಗ ಹಡಗಿನಲ್ಲೇ ಮುಗಿಸಿದರೆ ಊರಿನಲ್ಲಿ ಒಂದು ಗಂಟೆ ಉಳಿಯುತ್ತದೆ. ಶರತ್ಕಾಲದ ಗಾಳಿಗೆ ಹಡಗು ಓಲಾಡುವುದುಂಟು. ವಾಂತಿ ಬರುವವರು ಮಾತ್ರೆಯನ್ನು ಹತ್ತುವ ಮೊದಲೇ ನುಂಗಿ, ಆದಷ್ಟು ಕೆಳಗಿನ ಮಹಡಿಯಲ್ಲಿ, ಹಡಗಿನ ನಟ್ಟನಡುವೆ ಕೂರಬೇಕು. ತೂಗಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ. ದಡಕ್ಕೆ ಇನ್ನು ಹದಿನೈದು ನಿಮಿಷವಿದೆ ಎನ್ನುವಾಗ ಇಳಿಯುವ ಬಾಗಿಲ ಹತ್ತಿರ ಹೋಗಿ ನಿಲ್ಲಿ. ಮೆಗಾಸ್ಟಾರ್‌ನಂಥ ಹಡಗಿನಲ್ಲಿ 2,800 ಜನಕ್ಕೆ ಜಾಗವಿದೆ, ಹಿಂದೆ ಉಳಿದರೆ ಸಾಲಿನಲ್ಲೇ ಹೊತ್ತು ಹೋಗುತ್ತದೆ.

ಬಂದರಿನಿಂದ ಹಳೇ ಪಟ್ಟಣಕ್ಕೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ, ಟ್ಯಾಕ್ಸಿ ಬೇಕಿಲ್ಲ. 1997ರಿಂದ ಇದು ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಊರನ್ನು ಒಂದು ಸುತ್ತಿನಂತೆ, ಕೊನೆಗೆ ಬಂದರಿನ ಪಕ್ಕಕ್ಕೇ ಬಂದು ನಿಲ್ಲುವ ಹಾಗೆ ನೋಡಬೇಕು. ವೀರು ಹೆಬ್ಬಾಗಿಲಿನಿಂದ ಒಳಗೆ ಹೋಗಿ ರೆಕೋಯ ಚೌಕ ಸೇರಿ. ಅಲ್ಲಿನ ಪುರಭವನ 1404ರದು, ಚೌಕದ ಮೂಲೆಯ ಔಷಧಿ ಅಂಗಡಿಯ ಉಲ್ಲೇಖ 1422ರಷ್ಟು ಹಿಂದಿನ ದಾಖಲೆಯಲ್ಲೇ ಇದೆ. ಅಲ್ಲಿಂದ ಪಿಕ್ ಯಾಲ್ಗ್ ಎಂಬ ಏರುದಾರಿ ಹಿಡಿದು ತೂಂಪಿಯಾ ಗುಡ್ಡ ಹತ್ತಿ. ಮೇಲೆ ಅಲೆಕ್ಸಾಂಡರ್ ನೆವ್ಸ್ಕಿ ಕೆಥೆಡ್ರಲ್, ಸ್ವಲ್ಪ ಮುಂದೆ ಕೊಹ್ತುಒತ್ಸ ವೀಕ್ಷಣಾ ಸ್ಥಳ. ಕೆಂಪು ಹೆಂಚಿನ ಮನೆಗಳ ಆಚೆಗೆ ಸಮುದ್ರ ಕಾಣುವುದು ಇಲ್ಲಿಂದಲೇ. ಬೆಳಗ್ಗೆ ಬಿಸಿಲು ಎದುರಿಗಿರುತ್ತದೆ. ಮಧ್ಯಾಹ್ನದ ಮೇಲೆ ಬೆನ್ನ ಹಿಂದಿನಿಂದ ಬಿದ್ದು ಹೆಂಚುಗಳ ಬಣ್ಣ ತೆರೆದುಕೊಳ್ಳುತ್ತದೆ. ಫೋಟೋ ಮುಖ್ಯವಾದವರು ಊಟವನ್ನು ಮೊದಲು ಮುಗಿಸಿ ಗುಡ್ಡಕ್ಕೆ ಬರಲಿ.

ಪಕ್ಕದ ಪತ್ಕುಲಿ ವೀಕ್ಷಣಾ ಸ್ಥಳದಿಂದ ಮೆಟ್ಟಿಲಿಳಿದರೆ ರೈಲ್ವೆ ಸ್ಟೇಷನ್ನಿನ ಹಿಂದಿರುವ ಬಾಲ್ಟಿ ಯಾಮ ಮಾರುಕಟ್ಟೆ ಹತ್ತಿರ. ಊಟಕ್ಕೆ ಇದೇ ಸರಿ, ಚೌಕದ ಹೋಟೆಲುಗಳಿಗಿಂತ ಅಗ್ಗ ಮತ್ತು ಬೇಗ. ಚಳಿಗಾಲದಲ್ಲಿ ಈ ಮೆಟ್ಟಿಲುಗಳ ಮೇಲೆ ಹಿಮಗಟ್ಟಿ ಜಾರುತ್ತದೆ, ಬಂದ ದಾರಿಯಲ್ಲೇ ಇಳಿಯಿರಿ. ಬೀದಿಗಳೆಲ್ಲ ಉರುಟು ಕಲ್ಲು ಹಾಸಿದವು; ಗಟ್ಟಿ ಅಟ್ಟೆಯ ಶೂ ಹಾಕಿ, ಚಕ್ರದ ಸೂಟ್‌ಕೇಸಿದ್ದರೆ ಟರ್ಮಿನಲ್‌ನ ಲಾಕರ್‌ನಲ್ಲಿಡಿ. ಡಿಸೆಂಬರಿನಲ್ಲಿ ಮೂರೂವರೆಯೊಳಗೆ ಸೂರ್ಯ ಮುಳುಗುವುದರಿಂದ ಗುಡ್ಡವನ್ನು ಬೆಳಗ್ಗೆಯೇ ಮುಗಿಸಬೇಕು.

ಮಾರುಕಟ್ಟೆಯಿಂದ ಲೈ ಬೀದಿ ಹಿಡಿದು ಬಂದರೆ 124 ಮೀಟರ್ ಎತ್ತರದ ಶಿಖರದ ಒಲೆವಿಸ್ಟೆ ಚರ್ಚ್. ಅದರ ಸುರುಳಿ ಮೆಟ್ಟಿಲು ಇಕ್ಕಟ್ಟು, ಮಂಡಿನೋವಿನವರಿಗೆ ಬೇಡ. ಚಳಿಗಾಲದಲ್ಲಿ ಗೋಪುರ ಮುಚ್ಚಿರುತ್ತದೆ. ಎರಡು ಹೆಜ್ಜೆ ಮುಂದೆ ‘ದಪ್ಪ ಮಾರ್ಗರೆಟ್’ ಎಂಬ ದುಂಡು ಕೋಟೆಬುರುಜು, ಒಳಗೆ ಕಡಲ ಮ್ಯೂಸಿಯಂ. ಉಳಿದ ಸಮಯವನ್ನು ಇಲ್ಲಿ ಕಳೆಯಿರಿ, ಎ-ಟರ್ಮಿನಲ್ ಇಲ್ಲಿಂದ ಸಮೀಪ. ಡಿ-ಟರ್ಮಿನಲ್‌ಗೆ ಹೋಗುವವರು ಇನ್ನೂ ಹದಿನೈದು ನಿಮಿಷ ಸೇರಿಸಿಕೊಳ್ಳಿ: ಎರಡರ ನಡುವಿನ ಕಾಲುಸೇತುವೆ ದೋಣಿಗಳಿಗೆ ದಾರಿ ಬಿಡಲು ತೆರೆದುಕೊಳ್ಳುತ್ತದೆ, ಆಗ ಕಾಯಬೇಕು, ಇಲ್ಲವೇ ಸುತ್ತಿ ಹೋಗಬೇಕು. ಹಡಗು ತಪ್ಪಿದರೆ ನೇರ ಕಂಪನಿಯ ಕೌಂಟರ್‌ಗೆ ಹೋಗಿ. ಡೇ ಕ್ರೂಸ್‌ನ ವಾಪಸ್ ಭಾಗ ಹೆಚ್ಚಾಗಿ ರದ್ದಾಗುತ್ತದೆ, ಮುಂದಿನ ಹಡಗಿಗೆ ಹೊಸ ಟಿಕೆಟ್ ಕೊಳ್ಳಬೇಕಾಗುತ್ತದೆ. ಆ ದಿನದ ಕೊನೆಯ ಹಡಗು ಎಷ್ಟು ಹೊತ್ತಿಗೆ, ಯಾವ ಟರ್ಮಿನಲ್‌ನಿಂದ ಎಂದು ಬೆಳಗ್ಗೆಯೇ ಬರೆದಿಟ್ಟುಕೊಂಡಿರಿ.