ಕ್ಯಾನ್ಸರ್ ಅಂಗಾಂಶಕ್ಕೆ ರೆಫರೆನ್ಸ್ ಜೀನ್ ಆರಿಸುವುದು ಹೇಗೆ?

ಕ್ಯೂಪಿಸಿಆರ್‌ನಲ್ಲಿ (ಜೀನ್ ಎಷ್ಟು ಸಕ್ರಿಯ ಅಂತ ಅಳೆಯುವ ವಿಧಾನ) ಬೇರೆ ಜೀನ್‌ಗಳನ್ನು ಹೋಲಿಸಲು ಅಳತೆಗೋಲಾಗಿ ಬಳಸುವ, ಮಟ್ಟ ಬದಲಾಗದ ಜೀನೇ ರೆಫರೆನ್ಸ್ ಜೀನ್. ಎಲ್ಲರೂ ಬಳಸುತ್ತಾರೆ ಅಂತ ಸುಮ್ನೆ ಜಿಎಪಿಡಿಎಚ್ ಹಿಡಿಯಬೇಡಿ. ಲ್ಯಾಬಿಗೆ ಹೊಸಬರು ಬಂದಾಗ ನಾನು ಮೊದಲು ಹೇಳುವ ಮಾತೇ ಇದು. ಅದು ಗ್ಲೂಕೋಸ್ ಒಡೆಯುವ ಕಿಣ್ವದ ಜೀನ್. ಗೆಡ್ಡೆಯ ಕೋಶಗಳಿಗೆ ಗ್ಲೂಕೋಸ್ ಜಾಸ್ತಿ ಬೇಕು, ಅಲ್ವಾ? ಆಮ್ಲಜನಕ ಕಡಿಮೆಯಾದಾಗಲೂ ಈ ಜೀನ್ ಏರಬಹುದು.

ಗೆಡ್ಡೆಯಲ್ಲಿ ಅದರ ಸಿಟಿ (ಸಿಗ್ನಲ್ ಕಾಣಿಸಿಕೊಳ್ಳುವ ಸೈಕಲ್ ಸಂಖ್ಯೆ; ಕಡಿಮೆಯಿದ್ದಷ್ಟೂ ಪ್ರಮಾಣ ಹೆಚ್ಚು) 19, ಪಕ್ಕದ ಸಾಮಾನ್ಯ ಅಂಗಾಂಶದಲ್ಲಿ 20 ಬಂತು ಅಂದುಕೊಳ್ಳಿ. ಒಂದೇ ಸೈಕಲ್, ಆದರೆ ಪ್ರಮಾಣದಲ್ಲಿ ಸುಮಾರು ಎರಡು ಪಟ್ಟು. ಇದರಿಂದ ಭಾಗಿಸಿದಾಗ, ನೀವು ಅಳೆಯುವ ಜೀನ್ ಅಲುಗಾಡದಿದ್ದರೂ ಗೆಡ್ಡೆಯಲ್ಲಿ ಅರ್ಧಕ್ಕೆ ಇಳಿದಂತೆ ಕಾಣುತ್ತದೆ.

ಹಾಗಾಗಿ ಎಂಟು-ಹತ್ತು ಜೀನ್‌ಗಳನ್ನು ನಿಮ್ಮದೇ ಸ್ಯಾಂಪಲ್‌ಗಳಲ್ಲಿ ಪರೀಕ್ಷಿಸಿ: ಟಿಬಿಪಿ, ಎಚ್‌ಪಿಆರ್‌ಟಿ1, ಪಿಪಿಐಎ, ಎಸ್‌ಡಿಎಚ್‌ಎ, ಹೀಗೆ. ಒಂದೊಂದರ ಕೆಲಸವೂ ಬೇರೆಯಿರಲಿ. ಎರಡು ರೈಬೋಸೋಮ್ ಜೀನ್‌ಗಳು ಜೊತೆಜೊತೆಗೆ ಏರಿಳಿದರೆ ಜೀನ್‌ಗಳ ಸ್ಥಿರತೆ ಲೆಕ್ಕಹಾಕುವ ಜಿನಾರ್ಮ್ ಸಾಫ್ಟ್‌ವೇರ್ ಅವನ್ನೇ ಸ್ಥಿರ ಅಂದುಬಿಡಬಹುದು. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ನಾರ್ಮ್‌ಫೈಂಡರ್ ಗೆಡ್ಡೆ, ಸಾಮಾನ್ಯ ಅನ್ನುವ ಗುಂಪುಗಳ ನಡುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಹೆಚ್ಚು. ಆದರೂ ಎರಡನ್ನೂ ಓಡಿಸಿ.

ಎಷ್ಟು ಜೀನ್ ಬೇಕು? ಜಿನಾರ್ಮ್‌ನಲ್ಲಿ ವಿ2/3 ಬೆಲೆ (ಮೂರನೇ ಜೀನ್ ಸೇರಿಸಿದರೆ ಲೆಕ್ಕ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ) 0.15ಕ್ಕಿಂತ ಕಡಿಮೆಯಿದ್ದರೆ ಎರಡು ಸಾಕು. ಇಲ್ಲದಿದ್ದರೆ ಮೂರನೆಯದನ್ನು ಸೇರಿಸಿ. ಅವುಗಳ ಪ್ರಮಾಣಗಳ ಗುಣೋತ್ತರ ಸರಾಸರಿಯಿಂದ ನಾರ್ಮಲೈಸ್ ಮಾಡಿ, ಅಂದರೆ ನೀವು ಅಳೆಯುವ ಜೀನ್‌ನ ಪ್ರಮಾಣವನ್ನು ಅದರಿಂದ ಭಾಗಿಸಿ. ಸ್ತನದ ಗೆಡ್ಡೆಗೆ ಹೊಂದಿದ ಜೋಡಿಯನ್ನು ಯಕೃತ್ತಿನ ಗೆಡ್ಡೆಗೆ ಹಾಗೇ ತರಬೇಡಿ, ಅಲ್ಲಿ ಮತ್ತೆ ಪರೀಕ್ಷಿಸಿ.