ಪೋಯಮ್ ಆದ ಮೇಲೆ ಹುಳಿತೇಗು: ನಾನು ನಿಭಾಯಿಸುತ್ತಿರುವ ರೀತಿ

ಅಕಲೇಸಿಯಾ ಅನ್ನೋ ಅನ್ನನಾಳದ ಕಾಯಿಲೆ ಇರುವವರಿಗೆ ಮುದ್ದೆ ಅಂದ್ರೆ ಭಯ. ಅಗಿಯದೆ ನುಂಗುವ ತುತ್ತು ಅಲ್ವಾ? ಅನ್ನನಾಳದ ತುದಿಯ ಸ್ನಾಯು ಸಡಿಲವಾಗದಿದ್ದರೆ ತುತ್ತು ಎದೆಯಲ್ಲೇ ನಿಲ್ಲುತ್ತದೆ. ಇದಕ್ಕೆ ಪೋಯಮ್ (POEM) ಎಂಬ ಚಿಕಿತ್ಸೆ ಮಾಡಿಸಿಕೊಂಡ ಮೇಲೆ ಊಟ ಸಲೀಸಾಗಿ ಇಳಿಯತೊಡಗಿತು. ಹುಳಿ ಮೇಲೆ ಬರುವುದೂ ಶುರುವಾಯಿತು.

ಪೋಯಮ್‌ನಲ್ಲಿ ಹೊಟ್ಟೆ ಕೊಯ್ಯುವುದಿಲ್ಲ. ಬಾಯಿಂದ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಕೊಳವೆ) ಇಳಿಸಿ, ಅನ್ನನಾಳದ ಒಳಪದರದಡಿ ದಾರಿ ಮಾಡಿಕೊಂಡು, ಬಿಗಿದ ಸ್ನಾಯುವನ್ನು ಕತ್ತರಿಸುತ್ತಾರೆ. 2008ರಲ್ಲಿ ಜಪಾನಿನ ಡಾ. ಹರುಹಿರೊ ಇನೌಯೆ ಶುರು ಮಾಡಿದ ವಿಧಾನ. ಹಳೆಯ ಹೆಲ್ಲರ್ ಆಪರೇಷನ್‌ನಲ್ಲಿ ಸ್ನಾಯು ಕತ್ತರಿಸಿದ ಮೇಲೆ ಜಠರದ ಮೇಲ್ಭಾಗವನ್ನೇ ಮಡಚಿ ಹೊಲಿದು ಆಮ್ಲಕ್ಕೊಂದು ತಡೆ ಮಾಡುತ್ತಾರೆ. ಪೋಯಮ್‌ನಲ್ಲಿ ಸಾಮಾನ್ಯವಾಗಿ ಆ ತಡೆ ಇರುವುದಿಲ್ಲ. ಎರಡನ್ನೂ ಹೋಲಿಸಿದ ಅಧ್ಯಯನವೊಂದು 2019ರಲ್ಲಿ ಬಂತು. 2 ವರ್ಷದ ನಂತರ ನೋಡಿದಾಗ ಪೋಯಮ್ ಆದವರಲ್ಲಿ ಶೇ 44 ಮಂದಿಗೆ, ಆಪರೇಷನ್ ಆದವರಲ್ಲಿ ಶೇ 29 ಮಂದಿಗೆ ಆಮ್ಲದಿಂದ ಅನ್ನನಾಳ ಕೆಂಪಾಗಿ ಕೆರಳಿತ್ತು. ನುಂಗಲು ಆಗುವುದರ ಬೆಲೆ ಇದು ಅಂತ ನಾನು ಒಪ್ಪಿಕೊಂಡಿದ್ದೇನೆ.

ನಮ್ಮ ತೊಂದರೆ ಬೇರೆಯವರ ಎದೆಯುರಿಯಂತಲ್ಲ. ಅವರ ಅನ್ನನಾಳ ಹಿಂಡಿ ಹಿಂಡಿ ಆಮ್ಲವನ್ನು ವಾಪಸ್ ಕೆಳಗೆ ತಳ್ಳುತ್ತದೆ. ನಮ್ಮದಕ್ಕೆ ಆ ಶಕ್ತಿ ಇಲ್ಲ, ಸ್ನಾಯು ಕತ್ತರಿಸಿದರೂ ಅದು ಸಾಮಾನ್ಯವಾಗಿ ಪೂರ್ತಿ ಮರಳುವುದಿಲ್ಲ. ಮೇಲೆ ಬಂದ ಹುಳಿ ಅಲ್ಲೇ ಕೂರುತ್ತದೆ, ಮಲಗಿದರಂತೂ ಇನ್ನೂ ಜಾಸ್ತಿ ಹೊತ್ತು. ಹಾಗಾಗಿ ನನ್ನ ಗಮನವೆಲ್ಲ ರಾತ್ರಿಯ ಮೇಲೆ.

ಮಂಚದ ತಲೆಯ ಕಡೆಯ ಕಾಲುಗಳಿಗೆ ಮರದ ತುಂಡು ಕೊಟ್ಟು ಸುಮಾರು ಅರ್ಧ ಅಡಿ ಎತ್ತರಿಸಿದೆ. ದಿಂಬಿನ ಮೇಲೆ ದಿಂಬು ಇಟ್ಟರೆ ಕತ್ತು, ಹೊಟ್ಟೆ ಮಡಚುತ್ತದೆ ಅಷ್ಟೇ. ಎಡಮಗ್ಗುಲಲ್ಲಿ ಮಲಗುತ್ತೇನೆ. ರಾತ್ರಿ ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ. ಮನೆಯವರೆಲ್ಲ ಒಂಬತ್ತೂವರೆಗೆ ತಟ್ಟೆ ಹಾಕುವಾಗ ಸುಮ್ನೆ ಮಾತಾಡುತ್ತಾ ಕೂರುತ್ತೇನೆ. ಚಪ್ಪಟೆಯಾಗಿ ಮಲಗಬೇಕಾದ ಸ್ಲೀಪರ್ ಬಸ್ ಬಿಟ್ಟು ಹಗಲು ರೈಲು ಹಿಡಿಯುತ್ತೇನೆ.

ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮುಂಚೆ. ತಿಂದ ಮೇಲೆ ನುಂಗಿದರೆ ಅಷ್ಟು ಕೆಲಸ ಮಾಡುವುದಿಲ್ಲ.

"ಗ್ಯಾಸ್ಟ್ರಿಕ್ ಕಣೋ, ಒಂದು ಲೋಟ ಮಜ್ಜಿಗೆ ಕುಡಿ" ಅನ್ನುತ್ತಾರೆ ಅಮ್ಮ. ನಮ್ಮೂರಲ್ಲಿ ಎದೆಯಲ್ಲಿ ಏನಾದರೂ ಗ್ಯಾಸ್ಟ್ರಿಕ್ಕೇ! ಆದರೆ ನಮ್ಮಂಥವರಿಗೆ ಉರಿ ಬಂದಾಗೆಲ್ಲ ಆಮ್ಲವೇ ಕಾರಣ ಅಂತಲ್ಲ. ಇಳಿಯದೆ ಉಳಿದ ಅನ್ನ ಅಲ್ಲೇ ಹುಳಿತರೂ ಉರಿಯುತ್ತದೆ. ಅದಕ್ಕೆ ಮಾತ್ರೆ ಉಪಯೋಗಕ್ಕೆ ಬರುವುದಿಲ್ಲ. ಯಾವುದು ಅಂತ ಗೊತ್ತಾಗಲು ಆಮ್ಲ ಅಳೆಯುವ ಪಿಎಚ್ ಪರೀಕ್ಷೆ ಇದೆ. ಅದಕ್ಕೇ ನಾನಾಗಿ ಮಾತ್ರೆ ಜಾಸ್ತಿ ಮಾಡುವುದಿಲ್ಲ.

ಇನ್ನು ಕೆಲವರಿಗೆ ಉರಿಯೇ ಇರುವುದಿಲ್ಲ, ಒಳಗೆ ಮಾತ್ರ ಹುಣ್ಣಾಗಿರುತ್ತದೆ. ಆದ್ದರಿಂದ ಆರಾಮಾಗಿದ್ದರೂ ಡಾಕ್ಟರು ಕರೆದಾಗ ಎಂಡೋಸ್ಕೋಪಿಗೆ ಹೋಗುತ್ತೇನೆ. ತುತ್ತು ಮತ್ತೆ ಸಿಕ್ಕಿಕೊಳ್ಳತೊಡಗಿದರೆ ಆ ದಿನಾಂಕಕ್ಕೂ ಕಾಯಬಾರದು ಅಂತ ಹೇಳಿದ್ದಾರೆ: ಆಮ್ಲದಿಂದ ಅನ್ನನಾಳ ಕಿರಿದಾಗಿರಬಹುದು, ಇಲ್ಲವೇ ಹಳೆಯ ಕಾಯಿಲೆಯೇ ಮರಳಿರಬಹುದು.